ಹೊಯ್ ಅಂದರೆ ಕೇಳಿಸಬೇಕಲ್ಲ

ಅರಸೀಕೆರೆ ಜಂಕ್ಷನ್ನಿನಲ್ಲಿ ಮೇಲ್ಸೇತುವೆ ಇದೆ. ಅದನ್ನು ಹತ್ತುವವರು ಮೊಣಕಾಲು ನೋವಿನ ಅಜ್ಜಿಯರು ಮಾತ್ರ. ಗಟ್ಟಿ ಕಾಲಿನವರೆಲ್ಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಳಿ ದಾಟುತ್ತಾರೆ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಲ್ಲಿ ಇದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ ಇದೆ. ಪಾಪ, ಎಂಜಿನ್ನಿನ ಹಾರನ್ನೇ ಕೇಳಿಸದವರಿಗೆ ಸೆಕ್ಷನ್ ಎಲ್ಲಿಂದ ಕೇಳಿಸಬೇಕು?

ಜಾವಗಲ್ ಮೇಲಿನ ಬೇಲೂರು ಬಸ್ಸು ಹತ್ತಿದೆ. ಸೀಟಿಗೊಂದು ಬಗ್ಗಿದ ತಲೆ. ಇಷ್ಟು ಭಕ್ತಿಯನ್ನು ನಾನು ಗರ್ಭಗುಡಿಯ ಮುಂದೂ ಕಂಡಿಲ್ಲ. ಕೆನೆತ್ ಹನ್ಸ್‌ರಾಜ್ ಎಂಬ ಅಮೆರಿಕದ ಬೆನ್ನುಮೂಳೆ ಡಾಕ್ಟರು 2014ರಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ: ನೆಟ್ಟಗಿದ್ದಾಗ ಐದು ಕಿಲೋ ತೂಗುವ ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋ ಭಾರ. ಒಂದು ಮೂಟೆ ಸೋನಾ ಮಸೂರಿಗಿಂತ ಎರಡು ಕಿಲೋ ಜಾಸ್ತಿಯೇ. ಮಿತಿ ಮೀರಿದ ಲಗೇಜಿಗೆ ಟಿಕೆಟ್ ಹರಿಯುವ ಕಂಡಕ್ಟರು ಈ ಮೂಟೆಗಳನ್ನು ನೋಡಿಯೂ ಸುಮ್ಮನೆ ಮುಂದೆ ಹೋದರು.

ಹಳೇಬೀಡಿನಲ್ಲಿ ಇಳಿದೆ. ಹೊಯ್ಸಳೇಶ್ವರನ ಗುಡಿ ನಿಂತಿರುವ ಕಟ್ಟೆಗೆ, ಅಂದರೆ ಜಗತಿಗೆ, ಹೆಜ್ಜೆಗೊಂದು ಮೂಲೆ. ಅದರ ಮೇಲೆ ಒಬ್ಬ ಹುಡುಗ ಸೆಲ್ಫಿ ಸ್ಟಿಕ್ ಹಿಡಿದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದ. ಕೆಳಸಾಲಿನ ಆನೆಗಳೂ ಬರಬೇಕು, ಮೇಲಿನ ದೇವರುಗಳೂ ಬರಬೇಕು, ನಡುವೆ ಅವನ ಹೊಸ ಕೂಲಿಂಗ್ ಗ್ಲಾಸೂ ಬರಬೇಕು. ಹಿಮ್ಮಡಿ ಆಗಲೇ ಅಂಚಿನಾಚೆ ಇತ್ತು. ಒಂದು ಅಧ್ಯಯನದ ಪ್ರಕಾರ 2011ರಿಂದ 2017ರೊಳಗೆ ಜಗತ್ತಿನಲ್ಲಿ ಸೆಲ್ಫಿಗಾಗಿ ಪ್ರಾಣ ಬಿಟ್ಟಿದ್ದಾಗಿ ವರದಿಯಾದವರು 259 ಮಂದಿ. ಅದರಲ್ಲಿ 159 ನಮ್ಮ ದೇಶದವರು. ಯುನೆಸ್ಕೋ ಪಟ್ಟಿಗೆ ಸೇರಲು ಹೊಯ್ಸಳರ ಗುಡಿಗಳು 2023ರವರೆಗೆ ಕಾಯಬೇಕಾಯಿತು. ಸೆಲ್ಫಿ ಸಾವಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ನಾವು ಯಾರ ಶಿಫಾರಸನ್ನೂ ಕೇಳಲಿಲ್ಲ.

ಮತ್ತೆ ಬಸ್ಸು ಹಿಡಿದು ಬೇಲೂರಿಗೆ ಹೋದೆ. ಗುಡಿ 1117ರದು. ಅಲ್ಲಿನ ದರ್ಪಣ ಸುಂದರಿ ಒಂಬೈನೂರು ವರ್ಷದಿಂದ ಕೈಯಲ್ಲಿ ಕನ್ನಡಿ ಹಿಡಿದಿದ್ದಾಳೆ, ಒಮ್ಮೆಯೂ ಕಾಲು ಜಾರಿಲ್ಲ. ನಿಂತು ನೋಡಿಕೊಳ್ಳುತ್ತಾಳೆ, ನಡೆಯುತ್ತಾ ಅಲ್ಲ. ಅವಳನ್ನು ನೋಡಲು ಕತ್ತು ಎತ್ತಬೇಕು. ಬಸ್ಸಿನ ಜನಕ್ಕೆ ಅದೇ ದಿನದ ವ್ಯಾಯಾಮವಾಗುತ್ತಿತ್ತು. ಆದರೆ ಅವರು ಅವಳನ್ನೂ ಫೋನಿನಲ್ಲಿ ಜೂಮ್ ಮಾಡಿ, ತಲೆ ಬಗ್ಗಿಸಿಯೇ ನೋಡಿದರು.

ಬಾಗಿಲ ಪಕ್ಕದ ಸಳನ ಶಿಲ್ಪದ ಮುಂದೆ ಗೈಡ್ ಕಥೆ ಶುರುಮಾಡಿದ್ದರು. ಮೃಗ ಮೇಲೆ ಬಿತ್ತು (ಹುಲಿಯೋ ಸಿಂಹವೋ, ಆ ಜಗಳ ಪಂಡಿತರಿಗಿರಲಿ), ಗುರು ಸುದತ್ತರು "ಹೊಯ್, ಸಳ" ಅಂದರು, ಸಳ ಹೊಯ್ದೇಬಿಟ್ಟ. ಪುಣ್ಯಾತ್ಮ, ಕಿವಿ ಖಾಲಿ ಇಟ್ಟುಕೊಂಡಿದ್ದ. ಇಲ್ಲದಿದ್ದರೆ ಹೊಯ್ಸಳ ರಾಜವಂಶ "ಆಂ? ಏನಂದ್ರಿ ಗುರುಗಳೇ?" ಅನ್ನುವಲ್ಲಿಗೇ ಮುಗಿಯುತ್ತಿತ್ತು.

ಅಷ್ಟರಲ್ಲಿ ಒಂದು ಸಂಸಾರ ಗೈಡ್ ಕೈಗೆ ಫೋನ್ ಕೊಟ್ಟಿತು. "ಅಣ್ಣಾ, ಒಂದ್ ಫೋಟೋ. ದೇವಸ್ಥಾನ ಪೂರ್ತಿ ಬರ್ಲಿ."

ಗೈಡ್ ಸ್ಕ್ರೀನ್ ನೋಡುತ್ತಾ ಒಂದು ಹೆಜ್ಜೆ ಹಿಂದಿಟ್ಟರು. ಇನ್ನೊಂದು ಇಟ್ಟರು. ಬೆನ್ನ ಹಿಂದೆ ಜಗತಿಯ ಅಂಚು.

"ಹೋಯ್!" ಅಂತ ಕೂಗಿದೆ.

"ಒಂದ್ನಿಮಿಷ ಇರಿ ಸಾರ್, ಫೋಕಸ್ ಆಗ್ತಿಲ್ಲ."