ಹುಲ್ಲುಹಾಸಿನ ರಸಿಕರು

ನಮ್ಮ ಪೂರ್ವಿಕರು ಋತುಗಳನ್ನು ಆರೆಂದು ಎಣಿಸಿದ್ದು ಶಿಕಾಗೋ ನಗರದಲ್ಲಿ ಒಂದು ವರ್ಷವಾದರೂ ಬಾಳಿ ನೋಡುವುದಕ್ಕೆ ಮೊದಲು. ಅವರು ಇಲ್ಲಿಗೆ ಬಂದಿದ್ದರೆ ಗ್ರೀಷ್ಮ, ವರ್ಷ, ಶರತ್ತೆಂಬ ಸೂಕ್ಷ್ಮಭೇದಗಳನ್ನೆಲ್ಲ ತೊರೆದು, ಸಂವತ್ಸರಕ್ಕೆ ಎರಡೇ ಋತುಗಳು, ಒಂದು ಹಿಮಋತು, ಇನ್ನೊಂದು ಆಹ್ವಾನಋತು ಎಂದು ಸೂತ್ರ ಬರೆದು ನಿಶ್ಚಿಂತರಾಗುತ್ತಿದ್ದರು. ಹಿಮಋತುವಿನಲ್ಲಿ ಮನುಷ್ಯನು ಮನೆಯೊಳಗೆ ಕುಳಿತು, ಕಿಟಕಿಯ ಹೊರಗೆ ಬೀಳುತ್ತಿರುವ ಮಂಜನ್ನು ದಿಟ್ಟಿಸುತ್ತ, ತಾನು ಈ ದೇಶಕ್ಕೆ ಏತಕ್ಕೆ ಬಂದೆನೆಂಬ ವೇದಾಂತಜಿಜ್ಞಾಸೆಯಲ್ಲಿ ಮಗ್ನನಾಗಿರುತ್ತಾನೆ; ಆಹ್ವಾನಋತುವಿನಲ್ಲಿ ಆ ಜಿಜ್ಞಾಸೆಗೆ ಅವನಿಗೆ ಪುರಸೊತ್ತೇ ಸಿಕ್ಕುವುದಿಲ್ಲ.

ಈ ಎರಡನೆಯ ಋತುವಿಗೆ ಎರಡು ಸೋಮವಾರಗಳೇ ಎಲ್ಲೆಕಟ್ಟು. ಮೇ ತಿಂಗಳ ಕಡೆಯ ಸೋಮವಾರ, ಯುದ್ಧದಲ್ಲಿ ಮಡಿದ ಯೋಧರ ಸ್ಮರಣಾರ್ಥವಾಗಿ ದೇಶವೆಲ್ಲ ರಜೆ ತೆಗೆದುಕೊಂಡಾಗ ಅದು ಪ್ರಾರಂಭವಾಗುತ್ತದೆ. ಸೆಪ್ಟೆಂಬರಿನ ಮೊದಲನೆಯ ಸೋಮವಾರ, ಶ್ರಮಿಕರ ಗೌರವಾರ್ಥವಾಗಿ ಯಾರೂ ಶ್ರಮಪಡದೆ ಇರತಕ್ಕ ದಿವಸ, ಅದು ಮುಗಿಯುತ್ತದೆ. ನಡುವೆ ದೊರೆಯುವ ಶನಿವಾರಗಳು 14. ಪುಣ್ಯವಿಶೇಷವಿದ್ದ ವರ್ಷ 15. ಕನ್ನಡಕೂಟದ ವನಭೋಜನ, ಹೈಸ್ಕೂಲು ಮುಗಿಸಿದ ಮಕ್ಕಳ ಔತಣ, ಹೊಸ ಮನೆಯ ಗೃಹಪ್ರವೇಶ, ಹಳೆಯ ಮನೆಯ ಸತ್ಯನಾರಾಯಣ ಪೂಜೆ, ಲೆಮಾಂಟಿನ ರಾಮದೇವಸ್ಥಾನ, ಅರೋರಾದ ವೆಂಕಟೇಶ್ವರ ದೇವಸ್ಥಾನ, ನಗರದ ಸಂಗೀತೋತ್ಸವಗಳು, ಇವೆಲ್ಲವೂ ಈ ಶನಿವಾರಗಳೊಳಗೇ ಅಡಕವಾಗತಕ್ಕದ್ದು. ಎರಡು ಆಹ್ವಾನಗಳು ಒಂದೇ ದಿವಸ ಸಂಘಟಿಸಿದಲ್ಲಿ ಯಾವುದು ಮುಖ್ಯ, ಯಾವುದು ಗೌಣ, ಯಾವುದಕ್ಕೆ ಮುಖ ತೋರಿಸಿ ಬಂದರೆ ಸಾಕು, ಯಾವುದಕ್ಕೆ ಕಡೆಯ ಪಾತ್ರೆ ತೊಳೆಯುವವರೆಗೂ ಇರಬೇಕು ಎಂಬುದನ್ನೆಲ್ಲ ಧರ್ಮಶಾಸ್ತ್ರದ ನಿರ್ಣಯಸಿಂಧುವಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಆ ಅಧಿಕಾರ ನನ್ನ ಗೃಹಿಣಿಗೆ ಸೇರಿದ್ದು. ಅವಳ ತೀರ್ಪಿನ ಮೇಲೆ ಅಪೀಲು ಇಲ್ಲ.

ಆಹ್ವಾನಗಳಲ್ಲೆಲ್ಲ ಅಗ್ರಗಣ್ಯವಾದದ್ದು ರಂಗಪ್ರವೇಶ. ಇಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗು ಕಾಲೇಜಿಗೆಂದು ಊರು ಬಿಡುವ ಮುನ್ನ, ಹಲವು ವರ್ಷ ಕಲಿತ ಭರತನಾಟ್ಯವನ್ನು ಬಂಧುಮಿತ್ರರೆದುರು ಸಮರ್ಪಿಸುವ ಈ ಸಂದರ್ಭ ನಿಜವಾಗಿಯೂ ಕಣ್ಣು ತುಂಬಿಬರುವಂಥದು. ಮಗು ನಿರಾಯಾಸವಾಗಿ ವರ್ಣವನ್ನು ಮುಗಿಸಿದಾಗ ಸಭೆಯಲ್ಲಿದ್ದ ಪ್ರತಿಯೊಬ್ಬ ತಾಯಿಯೂ ಅವಳ ತಾಯಿಯೇ ಆಗಿಬಿಡುತ್ತಾಳೆ. ಆದರೆ ನಾಟ್ಯಶಾಸ್ತ್ರದಲ್ಲಿ ಪೂರ್ವರಂಗ ಮೊದಲುಗೊಂಡು ಸಕಲವನ್ನೂ ವಿಧಿಸಿದ ಭರತಮುನಿಯು ವಂದನಾರ್ಪಣೆಯ ಕಾಲಮಿತಿಯನ್ನು ಮಾತ್ರ ವಿಧಿಸದೆ ಹೋದ ಕಾರಣ, ತಿಲ್ಲಾನ ಮುಗಿದ ಮೇಲೆ ತಂದೆಯು ಕಾಗದದ ಸುರುಳಿಯೊಂದನ್ನು ಕೈಯಲ್ಲಿ ಹಿಡಿದು ವೇದಿಕೆಗೆ ಬಂದಾಗ, ಪಕ್ಕದ ಕೋಣೆಯಿಂದ ಬಿಸಿಬೇಳೆಭಾತಿನ ಪರಿಮಳವನ್ನು ಆಘ್ರಾಣಿಸುತ್ತ ಕುಳಿತ ಸಭಿಕರ ಮುಖದಲ್ಲಿ ನವರಸಗಳೂ ಅನುಕ್ರಮವಾಗಿ ಮೂಡಿ, ಶಾಂತದಲ್ಲಿ ಪರ್ಯವಸಾನವಾಗುವುದನ್ನು ಕಾಣಬಹುದು.

ಇನ್ನು ನಗರದ ಸಂಗೀತ. ಈ ವಿಷಯದಲ್ಲಿ ಶಿಕಾಗೋ ಧಾರಾಳಿ ಎನ್ನದೆ ವಿಧಿಯಿಲ್ಲ. ಸರೋವರದ ದಡದ ಗ್ರಾಂಟ್ ಪಾರ್ಕಿನ ಸಂಗೀತೋತ್ಸವವು 1935ರಿಂದಲೂ ಬಯಲಿನಲ್ಲಿ, ಕಾಸು ಕೇಳದೆ, ಬಂದವರಿಗೆಲ್ಲ ವಾದ್ಯವೃಂದವನ್ನು ಕೇಳಿಸುತ್ತಿದೆ; 2004ರಲ್ಲಿ ಅದಕ್ಕೆ ವಾಸ್ತುಶಿಲ್ಪಿ ಫ್ರಾಂಕ್ ಗೆರಿಯವರು ರೂಪಿಸಿದ ಮಂಟಪವೊಂದು ಲಭಿಸಿ, ಉಕ್ಕಿನ ಕೊಳವೆಗಳ ಜಾಲರಿಯೊಂದು ಹುಲ್ಲುಗಾವಲಿನ ಮೇಲೆಲ್ಲ ಚಪ್ಪರದಂತೆ ಹಬ್ಬಿ, ಅದರಿಂದ ತೂಗಬಿಟ್ಟ ಧ್ವನಿವರ್ಧಕಗಳ ಮೂಲಕ ಹಿಂದೆ ಮಲಗಿದವನ ಕಿವಿಗೂ ಪಿಟೀಲು ಸ್ಫುಟವಾಗಿ ತಲಪುವಂತಾಯಿತು. ಅಲ್ಲಿಗೆ ಹೋಗುವಾಗ ಪಕ್ಕದಲ್ಲೇ ಇರುವ ಆರ್ಟ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಬಳಿ ನಿಂತು, 1893ರ ಸೆಪ್ಟೆಂಬರಿನಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದು ಈ ಕಟ್ಟಡದಲ್ಲಿ ಎಂದು ಮಕ್ಕಳಿಗೆ ಹೇಳುವುದು ಪ್ರತಿಯೊಬ್ಬ ಕನ್ನಡ ಗೃಹಸ್ಥನ ನಿತ್ಯಕರ್ಮ; ಹೋದ ವರ್ಷವೂ ಇದನ್ನೇ ಹೇಳಿದ್ದೆ ಎಂದು ಜ್ಞಾಪಿಸುವುದು ಮಕ್ಕಳ ನಿತ್ಯಕರ್ಮ.

ಜೂನ್ ತಿಂಗಳ ಬ್ಲೂಸ್ ಉತ್ಸವವು 1984ರಿಂದ ನಡೆದುಬಂದದ್ದು, ಅದಕ್ಕೂ ಶುಲ್ಕವಿಲ್ಲ. ಮಿಸಿಸಿಪ್ಪಿಯ ಹತ್ತಿಯ ಹೊಲಗಳನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಉತ್ತರಕ್ಕೆ ಬಂದ ಆಫ್ರಿಕನ್ ಅಮೆರಿಕನ್ ಜನರು ತಮ್ಮೊಡನೆ ತಂದ ಈ ಗಾನವು, 1943ರಲ್ಲಿ ಇಲ್ಲಿಗೆ ಬಂದ ಮಡ್ಡಿ ವಾಟರ್ಸ್‌ನಂಥವರ ಕೈಯಲ್ಲಿ ವಿದ್ಯುತ್ ಗಿಟಾರನ್ನು ಸೇರಿಸಿಕೊಂಡು, ಗದ್ದಲದ ನಗರದಲ್ಲಿಯೂ ಕೇಳಿಸುವಷ್ಟು ಕಂಠವನ್ನು ಪಡೆಯಿತು. ನಮ್ಮ ಧಾರವಾಡದ ಮಿತ್ರರು ಮನ್ಸೂರರ ಮತ್ತು ಭೀಮಸೇನ ಜೋಶಿಯವರ ಹೊರತು ಅನ್ಯರಿಗೆ ತಲೆದೂಗಬಾರದೆಂಬ ವ್ರತವುಳ್ಳವರಾಗಿದ್ದರೂ, ವಯಸ್ಸಾದ ಗಾಯಕನೊಬ್ಬ ಒಂದೇ ಸಾಲನ್ನು ಮತ್ತೆ ಮತ್ತೆ ತಿರುಗಿಸಿ ಹಾಡುವುದನ್ನು ಕೇಳಿ, “ಏನ್ ಹಾಡ್ತಾನ್ರೀ ಮುದುಕಾ! ಊರ ಬಿಟ್ಟು ಬಂದಾವ್ರಿಗೇ ತಿಳೀತದ ನೋಡ್ರಿ ಇದು” ಎಂದು ವ್ರತಭಂಗ ಮಾಡಿಕೊಂಡರು.

ಆದರೆ ಎಲ್ಲಕ್ಕಿಂತಲೂ ನಮ್ಮವರ ಪ್ರಕೃತಿಗೆ ಒಗ್ಗಿದ ಸ್ಥಳವೆಂದರೆ ನಗರದ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದ ಹೈಲ್ಯಾಂಡ್ ಪಾರ್ಕಿನಲ್ಲಿರುವ ರವೀನಿಯಾ. ಇದರ ಮೂಲಪುರುಷನು ಸಂಗೀತಗಾರನಲ್ಲ, ರೈಲು ಕಂಪನಿ. ಶಿಕಾಗೋ ಮತ್ತು ಮಿಲ್ವಾಕಿಯ ನಡುವಣ ವಿದ್ಯುತ್ ರೈಲಿಗೆ ಪ್ರಯಾಣಿಕರನ್ನು ಒದಗಿಸುವ ಸಲುವಾಗಿ 1904ರಲ್ಲಿ ಇದೊಂದು ವಿನೋದೋದ್ಯಾನವಾಗಿ ತೆರೆಯಿತು. ರೈಲು ಕಂಪನಿ ದಿವಾಳಿಯಾಯಿತು, ಸಂಗೀತ ಮಾತ್ರ ಉಳಿಯಿತು. 1936ರಿಂದ ಶಿಕಾಗೋ ಸಿಂಫನಿ ವಾದ್ಯವೃಂದಕ್ಕೆ ಇದೇ ಬೇಸಗೆಯ ಬಿಡಾರ. ಇಂದಿಗೂ ರೈಲು ಉದ್ಯಾನದ ಬಾಗಿಲಲ್ಲೇ ನಿಲ್ಲುತ್ತದೆ. ಬೀಥೋವನ್ನನ ಅತ್ಯಂತ ಮೃದುವಾದ ಭಾಗವನ್ನು ಹೊಂಚುಹಾಕಿ ಕಾದಿದ್ದು, ಸರಿಯಾಗಿ ಆ ಕ್ಷಣದಲ್ಲಿ ಕೂಗಿಕೊಂಡು ಹೋಗುವುದು ಅದರ ಪದ್ಧತಿ.

ಇಲ್ಲಿ ರಸಿಕರು ಎರಡು ವರ್ಣದವರು. ಮಾಡಿನ ಕೆಳಗೆ ಹೆಚ್ಚಿನ ಹಣ ತೆತ್ತು ಕುರ್ಚಿಯ ಮೇಲೆ ಕುಳಿತು, ವಾದ್ಯಗಾರರ ಮುಖವನ್ನು ನೋಡುತ್ತ, ಕೆಮ್ಮು ಬಂದರೂ ತಡೆದುಕೊಳ್ಳುವವರು ಮೊದಲನೆಯವರು. ಹೊರಗಿನ ವಿಶಾಲವಾದ ಹುಲ್ಲುಹಾಸಿನ ಮೇಲೆ ಮರಗಳ ಅಡಿಯಲ್ಲಿ ಹಾಸಿಕೊಂಡು ಕುಳಿತು, ವೇದಿಕೆ ಕಾಣದಿದ್ದರೂ ಧ್ವನಿವರ್ಧಕದಿಂದ ಬರುವ ನಾದಕ್ಕೆ ಉಣ್ಣುತ್ತ ಕಿವಿಗೊಡುವವರು ಎರಡನೆಯವರು. ಕನ್ನಡಿಗರೆಲ್ಲರೂ ಈ ಎರಡನೆಯ ವರ್ಣಕ್ಕೆ ಸೇರಿದವರೆಂದು ಬೇರೆ ಹೇಳಬೇಕಾಗಿಲ್ಲ.

ನಾವು ಹೊರಟರೆ ಅದೊಂದು ದಂಡಯಾತ್ರೆ. ಧಾರವಾಡದ ಮಿತ್ರರು ನವಲಗುಂದದ ಜಮಖಾನೆಯೊಡನೆ ಮುಂಗಾವಲಾಗಿ ಹೋಗಿ ಮರದ ನೆರಳಿನಲ್ಲಿ ಸಾಮ್ರಾಜ್ಯ ಸ್ಥಾಪಿಸುತ್ತಾರೆ. ಮಂಗಳೂರಿನ ದಂಪತಿಗಳು ಗೋಳಿಬಜೆ ಮತ್ತು ಚಟ್ಣಿಯ ಅಧಿಪತಿಗಳು. ಮಂಡ್ಯದವರು ಕೋಡುಬಳೆ ಮತ್ತು ರಾಜಕೀಯವನ್ನು ತರುತ್ತಾರೆ. ಚಿತ್ರಾನ್ನ, ಕೋಸಂಬರಿ, ಮೊಸರನ್ನಗಳ ಹೊಣೆ ನಮ್ಮದು. ನೆರೆಯ ಅಮೆರಿಕನ್ನರೂ ಸಾಮಾನ್ಯರಲ್ಲ. ಅವರು ಮಡಿಚುವ ಮೇಜನ್ನು ತಂದು, ಬಿಳಿಯ ವಸ್ತ್ರ ಹೊದಿಸಿ, ಹೂದಾನಿಯಿಟ್ಟು, ಬೆಳ್ಳಿಯ ದೀಪಸ್ತಂಭದಲ್ಲಿ ಮೇಣದ ಬತ್ತಿ ಹಚ್ಚಿ, ಸ್ಫಟಿಕದ ಬಟ್ಟಲಿನಲ್ಲಿ ದ್ರಾಕ್ಷಾರಸವನ್ನು ಹೊಯ್ದುಕೊಂಡು, ಮೂರು ತೆರದ ಗಿಣ್ಣನ್ನು ತೆಳ್ಳಗೆ ಕೊಯ್ದು ಜೋಡಿಸುತ್ತಾರೆ. ಇತ್ತ ನಾವು ಸ್ಟೀಲ್ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತಲೇ ಇಂಗಿನ ಒಗ್ಗರಣೆಯ ಪ್ರಭಾವ ನಾಲ್ಕು ದಿಕ್ಕಿಗೂ ಪ್ರಸರಿಸಿ, ದೀಪಸ್ತಂಭದ ಕಡೆಯವರು ತಿರುಗಿ ನೋಡಿ, ಮುಗುಳ್ನಗೆ ವಿನಿಮಯವಾಗಿ, ಅನಂತರ ಗಿಣ್ಣಿಗೂ ಕೋಡುಬಳೆಗೂ ವಿನಿಮಯವಾಗಿ, ಕಡೆಗೆ ಮೊಸರನ್ನದ ಪಾಕವಿಧಾನವನ್ನು ಬರೆದುಕೊಡುವವರೆಗೆ ವ್ಯವಹಾರ ಬೆಳೆಯುತ್ತದೆ.

ಪ್ರತಿ ಬೇಸಗೆಯಲ್ಲಿಯೂ ಮೈಸೂರಿನಿಂದ ಬರತಕ್ಕ ನಮ್ಮ ಮಾವನವರು, ನಿವೃತ್ತ ಹೈಸ್ಕೂಲು ಅಧ್ಯಾಪಕರು, ಈ ಸಭೆಯ ಶಾಶ್ವತ ಅಧ್ಯಕ್ಷರು. ಪಾಶ್ಚಾತ್ಯ ಸಂಗೀತ ತಮಗೆ ಹೊಸದೆಂದು ಯಾರಾದರೂ ಭಾವಿಸಿದರೆ ಅವರು ಸಹಿಸುವವರಲ್ಲ. ಅರಮನೆಯಲ್ಲಿ ಯೂರೋಪಿನ ವಾದ್ಯವೃಂದವೇ ಇದ್ದುದನ್ನೂ, ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದುದನ್ನೂ, ರಷ್ಯದ ಸಂಗೀತಕಾರ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ತಮ್ಮ ಬೊಕ್ಕಸದಿಂದ ಹಣವಿತ್ತುದನ್ನೂ, ಅದರ ನಡುವೆಯೇ ಶ್ರೀವಿದ್ಯೆಯ ಮೇಲೆ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದುದನ್ನೂ ಅವರು ದೀಪಸ್ತಂಭದವರಿಗೆ ಇಂಗ್ಲಿಷಿನಲ್ಲಿ ಸಾವಕಾಶವಾಗಿ ನಿರೂಪಿಸುತ್ತಾರೆ. ಚೈಕೋವ್‌ಸ್ಕಿಯ ಸಂಜೆಗೆ ನಿಜವಾದ ಫಿರಂಗಿಗಳನ್ನೇ ಹಾರಿಸುವುದು ಇಲ್ಲಿಯ ಸಂಪ್ರದಾಯವಾಗಿತ್ತು. ಆ ಸಂಜೆಯ ಕೃತಿಯ ವಸ್ತುವಾದ, 1812ರಲ್ಲಿ ರಷ್ಯನರು ನೆಪೋಲಿಯನ್ನನನ್ನು ಹಿಮ್ಮೆಟ್ಟಿಸಿದ ವಿಜಯವನ್ನು ಅಮೆರಿಕನ್ನರು ಫ್ರೆಂಚರ ದ್ರಾಕ್ಷಾರಸ ಕುಡಿಯುತ್ತ ಆಚರಿಸುತ್ತಿದ್ದ ಆ ಘಳಿಗೆಯಲ್ಲಿ ಮಕ್ಕಳು ಬೆಚ್ಚಿ, ಮಜ್ಜಿಗೆಯ ಲೋಟಗಳು ಉರುಳಿದರೂ, ಮಾವನವರು ಮಾತ್ರ ಅವಿಚಲಿತರು. ಜಂಬೂಸವಾರಿಗೆ ಇಪ್ಪತ್ತೊಂದು ಕುಶಾಲತೋಪು ಕೇಳಿದವರಿಗೆ ಇದೇನು ಮಹಾ ಎಂದು ಅವರು ಎಣಿಕೆಯನ್ನು ಬೆರಳಿನಲ್ಲೇ ನಡೆಸಿ, ಕಡಮೆ ಬಿದ್ದುದನ್ನು ಸಭೆಗೆ ತಿಳಿಸಿದರು.

ಅವರಿಗೊಂದು ಧರ್ಮಸಂಕಟ ಉಂಟು. ಜೂನ್ ಕಡೆಯಲ್ಲಿ ಇಲ್ಲಿ ಸೂರ್ಯನು ಅಸ್ತಮಿಸುವುದು ರಾತ್ರಿ ಎಂಟೂವರೆಯ ಸುಮಾರಿಗೆ. ಆದುದರಿಂದ ಸಂಧ್ಯಾವಂದನೆಯ ಮುಖ್ಯಕಾಲವು ಸರಿಯಾಗಿ ಸಿಂಫನಿಯ ವಿಳಂಬಗತಿಯ ಭಾಗದಲ್ಲಿ ಬಂದೊದಗುತ್ತದೆ. ಜಮಖಾನೆಯ ಪಶ್ಚಿಮದ ಮೂಲೆಯಲ್ಲಿ ಅವರು ಮೂಗು ಹಿಡಿದು ಕುಳಿತಾಗ, ಇದು ಸಂಗೀತದ ಆಳಕ್ಕೆ ಇಳಿದ ಭಾರತೀಯ ರಸಿಕನ ಸಮಾಧಿಸ್ಥಿತಿಯೆಂದು ನೆರೆಯವರು ಭ್ರಮಿಸಿ ದನಿ ತಗ್ಗಿಸುತ್ತಾರೆ. ಹದಿನೇಳು ವರ್ಷಕ್ಕೊಮ್ಮೆ ಮಣ್ಣಿನಿಂದ ಮೇಲೆದ್ದು ಬರುವ ಇಲ್ಲಿನ ಜೀರುಂಡೆಗಳು 2007ರ ಬಳಿಕ 2024ರ ಬೇಸಗೆಯಲ್ಲಿ ಲಕ್ಷೋಪಲಕ್ಷವಾಗಿ ಎದ್ದು ಮರಮರದಲ್ಲಿಯೂ ಝೇಂಕರಿಸತೊಡಗಿದಾಗ ಊರಿನವರೆಲ್ಲ ಕಿವಿ ಮುಚ್ಚಿಕೊಂಡರೆ, ಮಾವನವರು ಅಂಗಳದಲ್ಲಿ ನಿಂತು ಕಣ್ಣು ಮುಚ್ಚಿ ಆಲಿಸಿ, ಶ್ರುತಿ ಶುದ್ಧವಾಗಿದೆ, ಗಾಯಕರು ಇನ್ನೂ ಬಂದಿಲ್ಲ, ಅಷ್ಟೆ, ಎಂದರು.

ಕುರ್ಚಿಯ ರಸಿಕರ ಇನ್ನೊಂದು ನಿಯಮ ನಮ್ಮವರಿಗೆ ಜೀರ್ಣವಾಗದು. ನಾಲ್ಕು ಭಾಗಗಳುಳ್ಳ ಕೃತಿಯಲ್ಲಿ ಒಂದು ಭಾಗ ಎಷ್ಟೇ ಮನೋಹರವಾಗಿ ಮುಗಿಯಲಿ, ನಾಲ್ಕೂ ಮುಗಿಯುವವರೆಗೆ ಚಪ್ಪಾಳೆ ತಟ್ಟಕೂಡದು. ಸಂಗತಿ ಸಂಗತಿಗೂ ಭಲೇ ಎನ್ನುವ, ನೆರವಲಿನಲ್ಲಿ ತೊಡೆಯ ಮೇಲೆ ತಾಳ ಹಾಕುವ, ತನಿ ಆವರ್ತನದ ಹೊತ್ತಿಗೆ ಕಾಫಿಗೆ ಏಳುವ ಪರಂಪರೆಯಲ್ಲಿ ಬೆಳೆದವರಿಗೆ ಇಂಥ ಸಂಯಮವು ಏಕಾದಶಿಗಿಂತ ಕಠಿನ. ಹುಲ್ಲುಹಾಸಿನ ಮೇಲಾದರೋ ಈ ನಿರ್ಬಂಧ ಸಡಿಲ. ಅಲ್ಲಿ ಭಲೇ ಎನ್ನಬಹುದು, ತಲೆದೂಗಬಹುದು, ಮಲಗಬಹುದು, ಗೊಜ್ಜಿಗೆ ಬೆಲ್ಲ ಹಾಕತಕ್ಕದ್ದೋ ಇಲ್ಲವೋ ಎಂಬ ವಾದವನ್ನು ಪಿಸುದನಿಯಲ್ಲಿ ಮುಂದುವರಿಸಲೂಬಹುದು.

ಇದರಲ್ಲಿ ನಮಗೆ ಅಪೂರ್ವವಾದದ್ದೇನೂ ಇಲ್ಲವೆಂಬುದು ಮಾವನವರ ಸಿದ್ಧಾಂತ. ನಾನೂ ಅದಕ್ಕೆ ಒಪ್ಪಿದ್ದೇನೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮೋತ್ಸವದಲ್ಲಿ, ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದೊಳಗೆ ಟಿಕೆಟ್ಟಿನವರು ಕುಳಿತರೆ, ಹೊರಗಡೆ ರಸ್ತೆಯ ಬದಿಯಲ್ಲಿ ಕಾಗದ ಹಾಸಿಕೊಂಡು, ವಿದ್ವಾಂಸರ ಮುಖ ಕಾಣದೆಯೇ ಕೇಳಿ, ಪಾನಕ ಕೋಸಂಬರಿಗಳನ್ನು ಸೇವಿಸಿ, ಪಕ್ಕದವರ ಮಗಳಿಗೆ ಗಂಡು ಗೊತ್ತುಮಾಡಿ ಏಳುತ್ತಿದ್ದವರು ಎಷ್ಟು ಜನ! ಬೇಸಗೆ, ಬಯಲು, ಸಂಗೀತ, ಆಹಾರ, ಹರಟೆ, ಈ ಪಂಚಾಂಗವನ್ನು ನಮ್ಮ ಹಿರಿಯರು ಬಹು ಹಿಂದೆಯೇ ಸಾಧಿಸಿದ್ದರು. ರವೀನಿಯಾ ಅದಕ್ಕೆ ಹುಲ್ಲನ್ನೂ ರೈಲನ್ನೂ ಕೂಡಿಸಿದೆ.

ಒಂದು ಮಾತು ಮಾತ್ರ ಹೊಸದು. ಊರಿನಲ್ಲಿಯೇ ಉಳಿದಿದ್ದರೆ ಈ ಜಮಖಾನೆಯ ಮೇಲೆ ಇಂದು ಕುಳಿತ ಕುಟುಂಬಗಳಲ್ಲಿ ಒಂದಕ್ಕೊಂದು ಪರಿಚಯವಾಗುವ ಸಂಭವವೇ ಇರಲಿಲ್ಲ. ಮಂಗಳೂರಿನವರು ಮಂಗಳೂರಿನಲ್ಲಿ, ಧಾರವಾಡದವರು ಧಾರವಾಡದಲ್ಲಿ, ತಂತಮ್ಮ ಜಾತಿ, ಬೀದಿ, ನೆಂಟಸ್ತಿಕೆಗಳ ಸುತ್ತಿನೊಳಗೆ ಸುಖವಾಗಿದ್ದು, ಪರಸ್ಪರರ ಕನ್ನಡವನ್ನು ಕೇಳಿ ನಗುತ್ತಿದ್ದರು. ಇಲ್ಲಿ ಆ ನಗು ಎದುರೆದುರೇ ಕುಳಿತು ನಗುವಂಥದಾಗಿದೆ. ಮಂಡ್ಯದವರ ತಾಯಿಗೆ ಕಾಯಿಲೆಯೆಂಬ ಸುದ್ದಿ ಬಂದ ರಾತ್ರಿ ಅವರನ್ನು ವಿಮಾನನಿಲ್ದಾಣಕ್ಕೆ ಮುಟ್ಟಿಸಿದವರು ಧಾರವಾಡದವರು. ಮಂಗಳೂರಿನ ದಂಪತಿಗಳ ಬಾಣಂತನಕ್ಕೆ ಊರಿನಿಂದ ಯಾರೂ ಬರಲಾಗದೆ ಹೋದಾಗ ಸಾರಿನಪುಡಿ ಕುಟ್ಟಿದವಳು ನನ್ನ ಗೃಹಿಣಿ. ಇಷ್ಟೊಂದು ಸ್ನೇಹವನ್ನು ಹಿಮಋತುವಿನ ಉಪಯೋಗಕ್ಕಾಗಿ ನಾವು ಕೂಡಿಡುವುದು ಬೇಸಗೆಯ ಈ ಶನಿವಾರಗಳಲ್ಲಿ. ಅರ್ಧ ಕಿವಿ ವಾದ್ಯವೃಂದಕ್ಕೆ, ಅರ್ಧ ಕಿವಿ ಪಕ್ಕದವರಿಗೆ. ಬೀಥೋವನ್ನನು ಈ ವಿಭಾಗಕ್ಕೆ ಆಕ್ಷೇಪಿಸಲಾರನೆಂದು ನನ್ನ ನಂಬಿಕೆ.

ಆದುದರಿಂದ, ಮಕ್ಕಳ ಮನೆಗೆಂದು ಬೇಸಗೆಯಲ್ಲಿ ಶಿಕಾಗೋ ಕಡೆಗೆ ಬರತಕ್ಕ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಕುರ್ಚಿಯ ಟಿಕೆಟ್ಟನ್ನು ಕೊಡಿಸುತ್ತೇವೆಂದು ಮಕ್ಕಳು ಎಷ್ಟೇ ಒತ್ತಾಯಿಸಿದರೂ ಒಪ್ಪದಿರಿ, ಹುಲ್ಲುಹಾಸಿನ ಟಿಕೆಟ್ಟನ್ನೇ ಕೇಳಿ ಪಡೆಯಿರಿ, ಸೊಳ್ಳೆಗೆ ಔಷಧವನ್ನೂ ಸಂಜೆಯ ತಂಪಿಗೆ ಒಂದು ಶಾಲನ್ನೂ ಇಟ್ಟುಕೊಳ್ಳಿ, ಮತ್ತು ಮೊಸರನ್ನವನ್ನು ಲೆಕ್ಕಕ್ಕಿಂತ ಇಬ್ಬರಿಗೆ ಹೆಚ್ಚಾಗಿಯೇ ಕಲಸಿ ತನ್ನಿರಿ, ಏಕೆಂದರೆ ದೀಪಸ್ತಂಭದವರು ಕೇಳಿಯೇ ಕೇಳುತ್ತಾರೆ.