ವೀಸಾವಕೀಲ ಮೀಮಾಂಸೆ: ಅಕ್ಕಲಕೋಟ ಪ್ರಸ್ಥಾನ

ವಲಸೆಯೆಂದರೆ ಮನುಷ್ಯ ಊರು ಬಿಟ್ಟು ಹೋಗುವುದು ಎಂಬುದು ಪಾಶ್ಚಾತ್ಯ ಪಂಡಿತರ ಅಪಕ್ವ ಮತ. ಅಕ್ಕಲಕೋಟ ಪಂಥದ ಪ್ರಕಾರ ಮನುಷ್ಯ ಕಟ್ಟೆಯ ಮೇಲೆ ಕೂತೇ ಇರುತ್ತಾನೆ, ವಲಸೆ ಹೋಗುವುದು ಸರಕಾರ. ಅಲ್ಲಿಯ ಒಬ್ಬ ಅಜ್ಜನನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು ಭೋಸಲೆ ರಾಜರ ಸಂಸ್ಥಾನದಲ್ಲಿ. 1948ರಲ್ಲಿ ಮುಂಬಯಿ ಪ್ರಾಂತದವನಾದ, 1960ರ ಮೇ 1ರಂದು ಮಹಾರಾಷ್ಟ್ರದವನಾದ, 1967ರಲ್ಲಿ ಗಡಿ ತಂಟೆ ಬಿಡಿಸಲು ಕೂತ ಮಹಾಜನ ಆಯೋಗ ಅವನ ಊರು ಕರ್ನಾಟಕಕ್ಕೆ ಸೇರಲಿ ಎಂದು ಬರೆಯಿತು. ಇಷ್ಟರಲ್ಲಿ ಆತ ಬದಲಿಸಿದ್ದು ಹಾಸಿಗೆಯ ದಿಕ್ಕೊಂದನ್ನೇ. ಯಾವ ವಕೀಲನಿಗೂ ಬಿಡಿಗಾಸು ಕೊಡಲಿಲ್ಲ. ಆಯೋಗದ ಶಿಫಾರಸಿನ ಮೇಲೆ ಮಾತ್ರ ಇನ್ನೂ ಶಿಕ್ಕಾ ಬಿದ್ದಿಲ್ಲ.

ಇಂಥವನ ಮೊಮ್ಮಗನಿಗೆ ನಿವಾಸದ ಕಾಗದಗಳ ವಿದ್ಯೆ ಹೇಳಿಕೊಡಬೇಕಿಲ್ಲ. ಡೊಮಿಸೈಲ್ ಬೇಕೆಂದರೆ ಊರ ಲೆಕ್ಕಿಗನಾದ ತಲಾಠಿ, ಅರ್ಜಿ ಪಡೆಯುವ ಸೇತು ಕೇಂದ್ರ, ತಹಶೀಲ ಕಚೇರಿಗಳ ಪ್ರದಕ್ಷಿಣೆ ಅವನಿಗೆ ಬಾಯಿಪಾಠ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಸೀಟು ಬೇಕೆಂದರೆ ಅವನು ಗಡಿನಾಡ ಕನ್ನಡಿಗನೆಂದು ಸಿದ್ಧಪಡಿಸಬೇಕು: ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜದಂಥ ತಾಲ್ಲೂಕುಗಳಲ್ಲಿ ಏಳು ವರ್ಷ ಓದಿರಬೇಕು, ಮನೆಮಾತು ಕನ್ನಡವೋ ತುಳುವೋ ಕೊಡವವೋ ಆಗಿರಬೇಕು, ಮೇಲೊಂದು ಕನ್ನಡ ಪರೀಕ್ಷೆ. ಐಇಎಲ್‌ಟಿಎಸ್‌ನ ಇಂಗ್ಲಿಷ್ ಪರೀಕ್ಷೆಯ ಕಲ್ಪನೆ ಇಲ್ಲಿಂದಲೇ ಕದ್ದದ್ದೆಂಬ ನನ್ನ ವಾದವನ್ನು ವಿದ್ವತ್‌ಲೋಕ ಇನ್ನೂ ಒಪ್ಪಿಲ್ಲ.

ಆದರೆ ಮೊಮ್ಮಗ ಪರದೇಶಕ್ಕೆ ಹೊರಟನೆಂದರೆ ಈ ವಿದ್ಯೆ ಸಾಲದು, ಏಜೆಂಟ ಬೇಕು. ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಕಲ್ಯಾಣಕ್ಕೆ ಹೋದದ್ದು ಏಜೆಂಟನಿಲ್ಲದೆ. ಶೂನ್ಯಸಂಪಾದನೆಯ ಪ್ರಕಾರ ಖುದ್ದು ಅಲ್ಲಮನೇ ಬಂದು ಕರೆದೊಯ್ದ. ಸ್ಪಾನ್ಸರು ಅಷ್ಟು ಗಟ್ಟಿಯಿಲ್ಲದ ನಮ್ಮ ಕಾಲದವರು ಸೊಲ್ಲಾಪುರದ ಸಾತ್ ರಸ್ತಾದಲ್ಲಿ ವೀಸಾ ಏಜೆಂಟರ ಫಲಕಗಳನ್ನು ನೋಡುತ್ತ ನಿಲ್ಲುತ್ತಾರೆ. ಆಯ್ಕೆಗೆ ನ್ಯಾಯಶಾಸ್ತ್ರದ ನಾಲ್ಕೂ ಪ್ರಮಾಣಗಳು ಒದಗುತ್ತವೆ. ಗೋಡೆಯ ಮೇಲೆ ಲಿಬರ್ಟಿ ಪ್ರತಿಮೆ ಕಾಣುತ್ತದೆ, ಆದ್ದರಿಂದ ಅಮೆರಿಕ ಇವರ ಕೈಯಲ್ಲಿದೆ, ಇದು ಪ್ರತ್ಯಕ್ಷ. ಎಲ್ಲೆಲ್ಲಿ ಎಸಿಯೋ ಅಲ್ಲಲ್ಲಿ ವೀಸಾ, ಇದು ಅನುಮಾನ. ಹಿಂದಿನ ಓಣಿಯ ಹುಡುಗನನ್ನೂ ಇವರೇ ಕಳಿಸಿದ್ದು, ಇದು ಉಪಮಾನ. (ಆ ಹುಡುಗ ಸದ್ಯ ಪುಣೆಯಲ್ಲಿದ್ದಾನೆಂಬುದು ಪ್ರಕೃತಕ್ಕೆ ಅಪ್ರಸ್ತುತ.) ನಾಲ್ಕನೆಯದಾದ ಶಬ್ದ ಎಲ್ಲಕ್ಕಿಂತ ಬಲಿಷ್ಠ:

“ಗ್ಯಾರಂಟಿ ಐತೇನ್ರಿ ಸಾಹೇಬ್ರ?”

“ನೂರಕ್ಕ ನೂರ, ಕಾಕಾ. ಒಳಗ ನಮ್ಮವರ ಅದಾರ.”

“ರೊಕ್ಕಕ್ಕ ಪಾವತಿ ಕೊಡ್ತೀರಲ್ರಿ?”

“ನಮ್ಮ ನಿಮ್ಮೊಳಗ ಪಾವತಿ ಯಾಕ್ರಿ ಕಾಕಾ!”

ಒಳಗಿರುವ ಆ ‘ನಮ್ಮವರು’ ನಿರ್ಗುಣರು, ನಿರಾಕಾರರು. ಕಂಡವರೂ ಇಲ್ಲ, ಅಲ್ಲಗಳೆದವರೂ ಇಲ್ಲ. 2023ರಲ್ಲಿ ಏಜೆಂಟರ ಮಾತು ನಂಬಿ ಕೆನಡಾ ಸೇರಿದ್ದ ಎಷ್ಟೋ ಪಂಜಾಬಿ ವಿದ್ಯಾರ್ಥಿಗಳ ಕಾಲೇಜು ಪ್ರವೇಶಪತ್ರವೇ ನಕಲಿಯೆಂದು ಹೊರಬಿದ್ದು, ಗಡೀಪಾರಿನ ಮಾತು ಬಂದಾಗಲೂ ಈ ‘ನಮ್ಮವರು’ ದರ್ಶನ ಕೊಡಲಿಲ್ಲ.

ಇನ್ನು ಸಿದ್ಧಾಂತ. ವಿಷಯ ಒಣದು, ಆಕಳಿಸದೆ ಓದಬೇಕು. ಕೆನಡಾದ ವಲಸೆ ವಿಚಾರದಲ್ಲಿ ಹಣ ಪಡೆದು ಸಲಹೆ ಕೊಡುವ ಅಧಿಕಾರ ಇರುವುದು ಅಲ್ಲಿಯ ವಕೀಲರಿಗೆ, ಪರವಾನಗಿ ಇರುವ ಪ್ಯಾರಾಲೀಗಲ್‌ಗಳಿಗೆ, ಕ್ವಿಬೆಕ್‌ನ ನೋಟರಿಗಳಿಗೆ ಮತ್ತು ಅಲ್ಲಿಯ ವಲಸೆ ಸಲಹೆಗಾರರ ಕಾಲೇಜೆಂಬ ನಿಯಂತ್ರಣ ಸಂಸ್ಥೆಯ ಪರವಾನಗಿ ಇದ್ದವರಿಗೆ. ಆಸ್ಟ್ರೇಲಿಯಾದ ವಲಸೆ ಏಜೆಂಟನಿಗೊಂದು ನೋಂದಣಿ ಸಂಖ್ಯೆ ಇರುತ್ತದೆ. ಅಮೆರಿಕದ ವಲಸೆ ಕಾನೂನು ಕೇಂದ್ರ ಸರಕಾರದ್ದಾದ್ದರಿಂದ ಅಲ್ಲಿಯ ಯಾವ ರಾಜ್ಯದ ವಕೀಲನಾದರೂ ನಡೆದೀತು. ಆದರೆ ಆ ರಾಜ್ಯದ ಬಾರ್ ಪಟ್ಟಿಯಲ್ಲಿ ಹೆಸರಿರಬೇಕು. ಈ ಪಟ್ಟಿಗಳೆಲ್ಲ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ. ಪುಕ್ಕಟೆಯಾದ್ದರಿಂದಲೇ ಯಾರೂ ನೋಡುವುದಿಲ್ಲವೆಂಬುದು ನನ್ನ ಗುಮಾನಿ. ಕೊಲ್ಲಿ ದೇಶದ ಕೂಲಿಗೆ ಕಳಿಸುವವರದು ಬೇರೆ ಶಾಖೆ: ನಮ್ಮ ದೇಶದ 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು, ಕೆಲಸಗಾರನಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಎರಡು ಲಕ್ಷ ಕೇಳುವವನು ಯಾವ ಭಾಷ್ಯದಿಂದ ಕೇಳುತ್ತಾನೋ ಅದು ಮೂಲಗ್ರಂಥದಲ್ಲಿಲ್ಲ.

ವಕೀಲರಲ್ಲಿ ಸರ್ವೋತ್ತಮನು, “ನಿಮ್ಮ ಕೇಸು ನಿಲ್ಲೂದಿಲ್ಲ, ರೊಕ್ಕಾ ಇಟ್ಕೋರಿ” ಎಂದು ಎಬ್ಬಿಸಿ ಕಳಿಸುವವನು. ಅವನ ಫಲಕ ಚಿಕ್ಕದಿರುತ್ತದೆ, ಕಾಕಾಗಳು ಅವನಿಗೆ ಅನುಭವವಿಲ್ಲವೆಂದು ತೀರ್ಮಾನಿಸುತ್ತಾರೆ.

ಆದ್ದರಿಂದ ಕಾಕಾ, ಫೀ ಎಷ್ಟು, ಯಾವ ಕೆಲಸಕ್ಕೆ, ಅರ್ಜಿ ತಿರಸ್ಕಾರವಾದರೆ ಎಷ್ಟು ವಾಪಸು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ. ತುಂಬಿದ ಅರ್ಜಿಯ ಪ್ರತಿ ಕೇಳಿ ತಗೊಳ್ಳಿರಿ. ಖಾಲಿ ಫಾರಮ್ಮಿಗೆ ಮಾತ್ರ ಸಹಿ ಹಾಕಬೇಡಿರಿ.