ಸಂಖ್ಯಾಯೋಗಿ

ನಮ್ಮ ಪ್ರೌಢಶಾಲೆಯ ಪುಸ್ತಕಭಂಡಾರವೆಂದರೆ ಮೊದಲು ಮೂರು ಕಪಾಟು, ಒಂದು ಬೀಗದಕೈ ಗೊಂಚಲು, ಇಷ್ಟೇ. ಆ ಗೊಂಚಲು ಡ್ರಾಯಿಂಗ್ ಮಾಸ್ತರರ ಜೇಬಿನಲ್ಲಿಯೂ, ಪುಸ್ತಕಗಳಲ್ಲಿ ಉತ್ತಮವಾದವು ಉಪಾಧ್ಯಾಯರ ಮನೆಗಳಲ್ಲಿಯೂ, ಉಳಿದವು ಗೆದ್ದಲಿನ ವಶದಲ್ಲಿಯೂ ಸುಖವಾಗಿದ್ದುವು. ಇಂತಹ ನೆಮ್ಮದಿಯ ರಾಜ್ಯಕ್ಕೆ, ಬೆಂಗಳೂರಿನಲ್ಲಿ ತರಬೇತಿ ಹೊಂದಿದ ಗ್ರಂಥಪಾಲರೊಬ್ಬರು ಒಂದು ಟ್ರಂಕು, ಒಂದು ಛತ್ರಿ ಹಾಗೂ ದಶಮಾಂಶ ವರ್ಗೀಕರಣದ ಒಂದು ದಪ್ಪ ಗ್ರಂಥದೊಡನೆ ಜೂನ್ ತಿಂಗಳ ಮೊದಲ ಮಳೆಯಲ್ಲಿ ಬಂದಿಳಿದರು.

ಅವರಿಗೆ ಸಹಾಯಕನಿಲ್ಲ, ಜವಾನನಿಲ್ಲ. ಕಸ ಗುಡಿಸುವವರೂ ಅವರೇ, ಮೈದಾಹಿಟ್ಟಿನ ಅಂಟಿಗೆ ಮೈಲುತುತ್ತ ಬೆರೆಸಿ ಹರಿದ ರಟ್ಟು ಕಟ್ಟುವವರೂ ಅವರೇ, ಯಾವ ಮಾಸ್ತರರು ರಜೆ ಹಾಕಿದರೂ ತರಗತಿ ಕಾಯಲು ಹೆಡ್‌ಮಾಸ್ತರರಿಗೆ ಮೊದಲು ನೆನಪಾಗುವವರೂ ಅವರೇ. ಈ ವರ್ಗದ ಮನುಷ್ಯರನ್ನು ಗುರುತಿಸುವುದು ಕಷ್ಟವಲ್ಲ: ಬೆರಳ ತುದಿಯಲ್ಲಿ ಮಸಿಯ ಕಲೆ, ಅಂಗಿಯಲ್ಲಿ ನುಸಿಗುಳಿಗೆಯ ಪರಿಮಳ. ಹೊಸ ಪುಸ್ತಕ ಕೈಗೆ ಬಂದರೆ ನಾವು ನೀವು ಮುನ್ನುಡಿಯನ್ನು ತೆರೆಯುತ್ತೇವೆ. ಅವರು ನೇರವಾಗಿ ಹದಿನೇಳನೆಯ ಪುಟವನ್ನು ತೆರೆದು, ಮೊದಲ ಹಾಳೆಯನ್ನು ಹರಿದುಕೊಳ್ಳುವ ಕಳ್ಳನಿಗೆ ತಿಳಿಯದಂತೆ, ಶಾಲೆಯ ಮುದ್ರೆಯನ್ನು ಅಲ್ಲಿ ರಹಸ್ಯವಾಗಿ ಒತ್ತುತ್ತಾರೆ.

ಅವರ ಭಕ್ತಿಯೆಲ್ಲ ರಂಗನಾಥನ್ ಅವರಲ್ಲಿ. ಆ ಮಹನೀಯರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಪಂಚಸೂತ್ರಗಳನ್ನು ಇವರು ದುಂಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಆದರೆ ನಿತ್ಯದ ವ್ಯವಹಾರವೆಲ್ಲ ಅಮೆರಿಕದ ಡ್ಯೂಯಿಯೊಡನೆ. ರಂಗನಾಥನ್ ಅವರ ಕೋಲನ್ ಪದ್ಧತಿಯನ್ನು ನಮ್ಮ ಎಂಟುನೂರು ಪುಸ್ತಕಗಳ ಮೇಲೆ ಪ್ರಯೋಗಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆಂದು ಅವರೇ ನಕ್ಕು ಒಪ್ಪಿಕೊಂಡರು. ಡ್ಯೂಯಿ ಮಹಾಶಯನು 1876ರಲ್ಲಿ ಲೋಕದ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿದಾಗ ಕನ್ನಡಿಗರನ್ನು ಕೇಳಿರಲಿಲ್ಲವೆಂಬುದು ನನಗೆ ತಿಳಿದದ್ದು ಆಗಲೇ. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಠೀವಿಯ ಮೂರೇ ಅಂಕೆ, ಕನ್ನಡಕ್ಕೋ 894.814 ಎಂಬ ಬಾಲಬೆಳೆದ ಸಂಖ್ಯೆ, ಅದೂ ತುರ್ಕರು, ಹಂಗೇರಿಯವರು, ಫಿನ್ಲೆಂಡಿನವರು ಎಲ್ಲರೊಡನೆ ಒಂದೇ ಜಗುಲಿಯಲ್ಲಿ. ನಮ್ಮ ಕವಿಗಳ ಸಂಕಲನಗಳು ಎಷ್ಟು ತೆಳುವೆಂದರೆ ಆ ಸಂಖ್ಯೆಯನ್ನು ಬೆನ್ನಿನ ಮೇಲೆ ಹೊರಲಾರದೆ ಹೊಟ್ಟೆಯ ಮೇಲೆ ಹೊತ್ತುಕೊಂಡುವು. ಇನ್ನು ಶಿವರಾಮ ಕಾರಂತರ ಪಾಡನ್ನು ಏನೆಂದು ಹೇಳಲಿ! ‘ಚೋಮನ ದುಡಿ’ ಒಂದು ಕಪಾಟಿನಲ್ಲಿ, ಯಕ್ಷಗಾನದ ಗ್ರಂಥ ಇನ್ನೊಂದರಲ್ಲಿ, ಪ್ರವಾಸಕಥನ ಮತ್ತೊಂದರಲ್ಲಿ, ‘ಬಾಲಪ್ರಪಂಚ’ದ ಸಂಪುಟಗಳು ಬಾಗಿಲ ಬಳಿ, ಹೀಗೆ ಒಬ್ಬರೇ ಕಾರಂತರು ಕೋಣೆಯ ಎಂಟು ದಿಕ್ಕಿಗೂ ಹಂಚಿಹೋದರು.

ಇದನ್ನೆಲ್ಲ ನಾನು ಸಹಿಸಿದೆನು. ಆದರೆ ಒಂದು ದಿನ ನಮ್ಮ ಕುಮಾರವ್ಯಾಸ ಭಾರತದ ಹೆಸರಿನ ಕಾರ್ಡು 294.5ರಲ್ಲಿ, ಅಂದರೆ ಧರ್ಮದ ಪೆಟ್ಟಿಗೆಯಲ್ಲಿ, ವ್ರತಕಥೆಗಳ ಪಕ್ಕದಲ್ಲಿ ಇರುವುದನ್ನು ಕಂಡು ನನ್ನ ಕನ್ನಡ ಪಾಂಡಿತ್ಯವೆಲ್ಲ ಒಮ್ಮೆಗೇ ಕುದಿಯಿತು.

“ಸ್ವಾಮಿ, ಇದು ಕಾವ್ಯ!” ಎಂದೆ.

“ಪಂಡಿತರೇ, ವಿಷಯ ಮಹಾಭಾರತ ಹೌದೋ ಅಲ್ಲವೋ?” ಎಂದರು, ಕೈಯಲ್ಲಿದ್ದ ಲೇಖನಿಯನ್ನು ಕೆಳಗಿಡದೆ.

ಅಂದಿನಿಂದ ಮೂರು ವಾರಗಳ ಕಾಲ ಈ ವಾದ ನಡೆಯಿತು. ಸ್ಟಾಫ್ ರೂಮಿನಲ್ಲಿ ಕಾಫಿ ಆರಿತು. ಭಾಮಿನಿ ಷಟ್ಪದಿಯ ಲಕ್ಷಣದಿಂದ ಹಿಡಿದು ಹತ್ತು ಪರ್ವಗಳ ರಸಪ್ರತಿಪಾದನೆಯವರೆಗೆ ನಾನು ಏರಿದೆನು. ಗಣಿತದ ಮಾಸ್ತರರು ಅವರ ಕಡೆಯೂ ಸಂಸ್ಕೃತದ ಶಾಸ್ತ್ರಿಗಳು ನನ್ನ ಕಡೆಯೂ ನಿಂತರು. ಹೆಡ್‌ಮಾಸ್ತರರು ಮಾತ್ರ ಭೀಷ್ಮರಂತೆ ಸುಮ್ಮನಿದ್ದರು. ಕೊನೆಗೊಂದು ಸೋಮವಾರ ಗ್ರಂಥಪಾಲರು ತಾವಾಗಿಯೇ ಬಂದು, “ನಿಮ್ಮದೇ ಸರಿ. ಕಾವ್ಯದಲ್ಲೇ ಇಡುತ್ತೇನೆ. ಧರ್ಮದ ಪೆಟ್ಟಿಗೆಯಲ್ಲಿ ‘894.8141 ನೋಡಿ’ ಎಂದೊಂದು ಕಾರ್ಡು ಹಾಕಿದರಾಯಿತು,” ಎಂದರು. ವಿಜಯೋತ್ಸಾಹದಿಂದ ನಾನು ಎಲ್ಲರಿಗೂ ಕಾಫಿ ತರಿಸಿದೆನು. ಲೋಟ ಬಾಯಿಗಿಡುವಾಗ ಅವರು ಮೆಲ್ಲಗೆ, “ಪುಸ್ತಕವನ್ನು ಯಾವಾಗ ತಂದುಕೊಡುತ್ತೀರಿ?” ಎಂದು ಕೇಳಿದರು.

ಪುಸ್ತಕ ನಮ್ಮ ಮನೆಯಲ್ಲಿತ್ತು. ಹನ್ನೊಂದು ವರ್ಷಗಳಿಂದ ಇತ್ತು. ಹಳೆಯ ವಹಿಯಲ್ಲಿ ನನ್ನ ರುಜುವೂ ಇತ್ತು. ದಿನಕ್ಕೆ ಐದು ಪೈಸೆಯಂತೆ 4,018 ದಿನಗಳಿಗೆ 200 ರೂಪಾಯಿ 90 ಪೈಸೆ ದಂಡವಾಗುವುದೆಂದು ಅವರು ಚೀಟಿಯಲ್ಲಿ ಲೆಕ್ಕ ಕಟ್ಟಿಯೂ ಇದ್ದರು. ಅದು ನನ್ನ ತಿಂಗಳ ಸಂಬಳಕ್ಕಿಂತ ಹೆಚ್ಚು. ದಂಡವು ಪುಸ್ತಕದ ಬೆಲೆಯನ್ನು ಮೀರಕೂಡದೆಂಬ ನಿಯಮವೊಂದನ್ನು ಅವರೇ ಹುಡುಕಿ ತೆಗೆದು ನನ್ನ ಮಾನವನ್ನು ಉಳಿಸಿದರು. ಅದಕ್ಕಾಗಿ ಅವರನ್ನು ನಾನು ಬಹುಕಾಲ ಕ್ಷಮಿಸಲಿಲ್ಲ.

ಒಂದು ಸಂಜೆ ಮಾತ್ರ, ಶಾಲೆ ಬಿಟ್ಟ ಮೇಲೆ, ಅವರು ದೀಪ ಹಚ್ಚದೆ ಕುಳಿತಿದ್ದುದನ್ನು ಕಂಡು ಒಳಗೆ ಹೋದೆನು. ಆ ದಿನ ಒಬ್ಬ ಹುಡುಗನೂ ಬಂದಿರಲಿಲ್ಲ, ಪರೀಕ್ಷೆಯ ಕಾಲ. ಗಣಿತದ ಅಧ್ಯಾಪಕರಾಗಿದ್ದ ರಂಗನಾಥನ್ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಹೊಸತರಲ್ಲಿ, ಆ ಒಂಟಿತನವನ್ನು ತಾಳಲಾರದೆ ಮತ್ತೆ ಪಾಠ ಹೇಳುವ ಕೆಲಸಕ್ಕೇ ಕಳಿಸಿರೆಂದು ಬೇಡಿಕೊಂಡಿದ್ದರೆಂದೂ, ಅವರನ್ನು ಲಂಡನ್ನಿಗೆ ವ್ಯಾಸಂಗಕ್ಕೆ ಕಳುಹಿಸಿದ ಮೇಲೆಯೇ ಮನಸ್ಸು ನಿಂತಿತೆಂದೂ ಹೇಳಿದರು. ಆಮೇಲೆ ತಡೆದು, “ನನ್ನನ್ನು ಲಂಡನ್ನಿಗೆ ಯಾರು ಕಳಿಸುತ್ತಾರೆ, ಪಂಡಿತರೇ? ಎಂಟನೇ ತರಗತಿಯ ಬಿ ಸೆಕ್ಷನ್ನಿಗೆ ಕಳಿಸುತ್ತಾರೆ,” ಎಂದು ನಕ್ಕರು. ನಾನೂ ನಕ್ಕೆನು, ಮರುದಿನದಿಂದ ವಾರಕ್ಕೊಂದು ಪೀರಿಯಡ್ ನನ್ನ ಹುಡುಗರನ್ನು ಅಲ್ಲಿಗೆ ಕರೆದೊಯ್ಯತೊಡಗಿದೆನು. ನೆಲದ ಮೇಲೆ ಸಾಲಾಗಿ ಕುಳಿತು ಅವರು ಓದುತ್ತಿದ್ದಾಗ ಆ ಮನುಷ್ಯನ ಮುಖವನ್ನು ನೋಡಬೇಕಾಗಿತ್ತು. ಮದುವೆಮನೆಯಲ್ಲಿ ಪಂಕ್ತಿ ನೋಡುವ ಹೆಣ್ಣಿನ ತಂದೆಯಂತೆ, ಯಾರಿಗೆ ಏನು ಬೇಕೋ ಎಂದು ಸಾಲಿನುದ್ದಕ್ಕೂ ಓಡಾಡುತ್ತಿದ್ದರು.

ಎರಡನೆಯ ವರ್ಷದ ಕೊನೆಗೆ ಅವರಿಗೆ ವರ್ಗವಾಯಿತು. ಟ್ರಂಕು, ಛತ್ರಿ, ದಪ್ಪ ಗ್ರಂಥ ಮೂರೂ ಬಸ್ಸಿನ ಮೇಲೇರಿದುವು. ಅವರ ಸ್ಥಾನಕ್ಕೆ ಯಾರೂ ಬರಲಿಲ್ಲ. ಬೀಗದಕೈ ಮರಳಿ ಡ್ರಾಯಿಂಗ್ ಮಾಸ್ತರರ ಜೇಬನ್ನು ಸೇರಿತು. ಕಾರ್ಡಿನ ಪೆಟ್ಟಿಗೆ ಈಗಲೂ ಇದೆ. ಮೊನ್ನೆ ಎಳೆದು ನೋಡಿದೆನು: ಧರ್ಮದ ವಿಭಾಗದಲ್ಲಿ ಅವರ ದುಂಡಕ್ಷರದ ‘894.8141 ನೋಡಿ’ ಇನ್ನೂ ಮಾಸಿಲ್ಲ. ಆದರೆ ಅಲ್ಲಿ ಹೋಗಿ ನೋಡಿದರೆ ಪುಸ್ತಕವಿಲ್ಲ. ಅದು ನಮ್ಮ ಮನೆಯಲ್ಲಿದೆ. ಈ ಸಲ ಯಾವ ವಹಿಯಲ್ಲೂ ರುಜು ಹಾಕಿಲ್ಲ.